ಮಂತ್ರದೊಳಗೆ ಬಿಟ್ಟ ಜಾಗ

ಅಕ್ಕನ ಮಗಳ ಸೀಮಂತದ ದಿನ ಪುರೋಹಿತರು ಮಂತ್ರ ಹೇಳುತ್ತಾ ಹೇಳುತ್ತಾ ನಡುವೆ ನಿಲ್ಲಿಸಿ, "ನೀವು ಯಾವ ನದಿಯ ದಡದವರು?" ಎಂದು ಕೇಳಿದರು. ಬೆಂಗಳೂರಿನ ನಾಲ್ಕನೆಯ ಮಹಡಿಯ ಮನೆ. ಯಾರಿಗೂ ತಟ್ಟನೆ ಉತ್ತರ ಹೊಳೆಯಲಿಲ್ಲ. "ನಲ್ಲಿಯಲ್ಲಿ ಬರುವುದು ಕಾವೇರಿ ನೀರಲ್ಲವೇ, ಕಾವೇರಿ ಎನ್ನಿ" ಎಂದಳು ಅಕ್ಕ. "1974ರಲ್ಲಿ ಕಾವೇರಿ ಬರುವ ತನಕ ಈ ಊರು ಕುಡಿದದ್ದು ಅರ್ಕಾವತಿಯ ನೀರನ್ನು" ಎಂದರು ದೊಡ್ಡಪ್ಪ. ಸ್ವಲ್ಪ ಹೊತ್ತು ಮಾತು ಹೋಗಿ ಬಂದು, ಕಾವೇರಿಯೇ ಎಂದಾಯಿತು. ಪುರೋಹಿತರು ಆ ಹೆಸರನ್ನು ಮಂತ್ರದೊಳಗೆ ಕೂರಿಸಿ ಮುಂದುವರಿದರು.

ಆ ಪ್ರಶ್ನೆಯನ್ನು ಕೇಳಲೇಬೇಕೆಂದು ಎರಡು ಸಾವಿರ ವರ್ಷಕ್ಕೂ ಹಳೆಯದಾದ ಒಂದು ಗ್ರಂಥದಲ್ಲಿದೆ ಎಂಬುದು ನನಗೆ ಆಮೇಲೆ ತಿಳಿಯಿತು. "ನದೀನಿರ್ದೇಶಶ್ಚ ಯಸ್ಯಾಂ ವಸಂತಿ" ಎನ್ನುತ್ತದೆ ಆಪಸ್ತಂಬ ಗೃಹ್ಯಸೂತ್ರ. ಯಾವ ನದಿಯ ಬಳಿ ವಾಸವೋ ಆ ನದಿಯ ಹೆಸರನ್ನು ಹೇಳಬೇಕು ಎಂದರ್ಥ. ಆಶ್ವಲಾಯನ ಗೃಹ್ಯಸೂತ್ರದ ಸೀಮಂತದಲ್ಲಿಯೂ ಇದೇ ವಿಧಿಯುಂಟು. ಮಂತ್ರದ ಪಾಠದಲ್ಲಿ ನದಿಯ ಹೆಸರು ಬರಬೇಕಾದಲ್ಲಿ 'ಅಸೌ' ಎಂದು ಮಾತ್ರ ಇರುತ್ತದೆ. ಅಸೌ ಎಂದರೆ 'ಇಂಥದ್ದು', 'ಇಂಥವನು', 'ಇಂಥವಳು'. ನಮ್ಮ ಅರ್ಜಿ ನಮೂನೆಗಳಲ್ಲಿ ಹೆಸರಿಗೆಂದು ಗೆರೆ ಎಳೆದು ಬಿಟ್ಟಿರುತ್ತಾರಲ್ಲ, ಅಂಥದೇ ಜಾಗ ಅದು. ಸಂಸ್ಕಾರಗಳನ್ನು ವಿವರಿಸುವ ಹಳೆಯ ಗ್ರಂಥಗಳನ್ನು ಅರ್ಥ ಮಾಡಿಕೊಳ್ಳಲು ಈ ಒಂದು ಪದಕ್ಕಿಂತ ಒಳ್ಳೆಯ ಬಾಗಿಲು ನನಗೆ ಸಿಕ್ಕಿಲ್ಲ.

ಮೊದಲು ಈ ಗ್ರಂಥಗಳು ಯಾವುವು ಎಂದು ನೋಡೋಣ. ವೇದಕ್ಕೆ ಆರು ಅಂಗಗಳು. ಅವುಗಳಲ್ಲಿ ಒಂದು ಕಲ್ಪ. ಯಜ್ಞ, ಸಂಸ್ಕಾರಗಳನ್ನು ಹೇಗೆ ಮಾಡಬೇಕು ಎಂಬುದೇ ಕಲ್ಪದ ವಿಷಯ. ಮೂರು ಅಗ್ನಿಗಳನ್ನಿಟ್ಟು ಹಲವು ಋತ್ವಿಜರು ಸೇರಿ ಮಾಡುವ ದೊಡ್ಡ ಯಾಗಗಳದ್ದು ಶ್ರೌತಸೂತ್ರ. ಮನೆಯಲ್ಲಿ, ಮನೆಯ ಒಂದೇ ಅಗ್ನಿಯ ಮುಂದೆ ನಡೆಯುವ ಕರ್ಮಗಳದ್ದು ಗೃಹ್ಯಸೂತ್ರ. ನಡವಳಿಕೆ, ಕರ್ತವ್ಯ, ದಂಡನೆಗಳದ್ದು ಧರ್ಮಸೂತ್ರ. ಹುಟ್ಟು, ಹೆಸರು, ಮದುವೆ, ಸಾವುಗಳ ವಿಧಿಗಳೆಲ್ಲ ಮುಖ್ಯವಾಗಿ ಗೃಹ್ಯಸೂತ್ರಗಳಲ್ಲಿವೆ. ಇವುಗಳ ಕಾಲವನ್ನು ವಿದ್ವಾಂಸರು ಸ್ಥೂಲವಾಗಿ ಕ್ರಿಸ್ತಪೂರ್ವ ಮೊದಲ ಸಹಸ್ರಮಾನದ ನಡುಭಾಗದಿಂದೀಚೆಗೆ ಎನ್ನುತ್ತಾರೆ.

ಗೃಹ್ಯಸೂತ್ರ ಒಂದೇ ಅಲ್ಲ. ಪ್ರತಿ ವೇದಶಾಖೆಗೂ ತನ್ನದೇ ಸೂತ್ರ. ಋಗ್ವೇದಿಗಳಿಗೆ ಆಶ್ವಲಾಯನ, ಶಾಂಖಾಯನ; ಕೃಷ್ಣ ಯಜುರ್ವೇದಿಗಳಿಗೆ ಆಪಸ್ತಂಬ, ಬೋಧಾಯನ, ಹಿರಣ್ಯಕೇಶಿ ಮುಂತಾದವು; ಶುಕ್ಲ ಯಜುರ್ವೇದಿಗಳಿಗೆ ಪಾರಸ್ಕರ; ಸಾಮವೇದಿಗಳಿಗೆ ಗೋಭಿಲ, ಖಾದಿರ. ಉಪನಯನವಾದ ಹುಡುಗ ಹಿರಿಯರಿಗೆ ನಮಸ್ಕರಿಸುವಾಗ ಗೋತ್ರ ಪ್ರವರಗಳ ಜೊತೆಗೆ "ಆಪಸ್ತಂಬಸೂತ್ರಃ" ಎಂದೋ "ಆಶ್ವಲಾಯನಸೂತ್ರಃ" ಎಂದೋ ಹೇಳುತ್ತಾನಲ್ಲ, ಅದು ಅವನ ಮನೆಯ ಸಂಸ್ಕಾರಗಳು ಯಾವ ಗ್ರಂಥದಂತೆ ನಡೆಯುತ್ತವೆ ಎಂಬುದರ ಗುರುತು. ನಮ್ಮ ನಾಡಿನಲ್ಲಿ ಆಶ್ವಲಾಯನ, ಆಪಸ್ತಂಬ, ಬೋಧಾಯನ ಮೂರೂ ಬಳಕೆಯಲ್ಲಿವೆ. ಬೋಧಾಯನ ಗೃಹ್ಯಸೂತ್ರವನ್ನು 1920ರಲ್ಲಿ ಸಂಪಾದಿಸಿ ಮೈಸೂರಿನ ಓರಿಯಂಟಲ್ ಲೈಬ್ರರಿಯಿಂದ ಅಚ್ಚಿಗೆ ತಂದವರು ಆರ್. ಶಾಮಶಾಸ್ತ್ರಿಗಳು; ಕೌಟಿಲ್ಯನ ಅರ್ಥಶಾಸ್ತ್ರವನ್ನು ಜಗತ್ತಿಗೆ ತೋರಿಸಿದವರು ಅವರೇ.

ಸೂತ್ರಗಳನ್ನು ನೇರವಾಗಿ ಓದಲು ಕುಳಿತರೆ ನಿರಾಸೆಯಾಗುತ್ತದೆ. ಎರಡು ಮೂರು ಪದಗಳ ತುಂಡು ವಾಕ್ಯಗಳು. ಮಂತ್ರದ ಮೊದಲ ಪದ ಮಾತ್ರ ಇರುತ್ತದೆ, ಉಳಿದದ್ದು ಓದುವವನಿಗೆ ಬಾಯಿಗೆ ಬರುತ್ತದೆ ಎಂಬ ನಂಬಿಕೆ. ಒಮ್ಮೆ ಹೇಳಿದ್ದನ್ನು ಮತ್ತೆ ಹೇಳುವುದಿಲ್ಲ. ಹೀಗಾಗಿ ಭಾಷ್ಯಗಳು ಬೇಕಾದವು. ಆಪಸ್ತಂಬಕ್ಕೆ ಹರದತ್ತ, ಸುದರ್ಶನಾಚಾರ್ಯರ ವ್ಯಾಖ್ಯಾನಗಳಿವೆ. ಆಮೇಲೆ, ಮೊದಲಿನಿಂದ ಕೊನೆಯವರೆಗೆ ಯಾವುದಾದ ಮೇಲೆ ಯಾವುದು ಎಂದು ಬಿಡಿಸಿ ಹೇಳುವ 'ಪ್ರಯೋಗ' ಗ್ರಂಥಗಳು ಬಂದವು. ಇವತ್ತು ಪುರೋಹಿತರ ಕೈಯಲ್ಲಿರುವುದು ಬಹುಪಾಲು ಪ್ರಯೋಗದ ಪುಸ್ತಕವೇ. ಸೂತ್ರಕ್ಕೂ ಪ್ರಯೋಗಕ್ಕೂ ನಡುವೆ ನೂರಾರು ವರ್ಷಗಳ ಅಂತರವಿದೆ. ಆ ಅಂತರದಲ್ಲಿ ಸೇರಿದ್ದು ಬಹಳ. "ಶಾಸ್ತ್ರದಲ್ಲಿದೆ" ಎಂದು ಯಾರಾದರೂ ಹೇಳಿದಾಗ ಯಾವ ಕಾಲದ, ಯಾವ ಪದರದ ಶಾಸ್ತ್ರ ಎಂದು ಕೇಳುವುದು ಉದ್ಧಟತನವಲ್ಲ.

ಸಂಸ್ಕಾರಗಳು ಹದಿನಾರು ಎಂಬ ಮಾತನ್ನೇ ತೆಗೆದುಕೊಳ್ಳಿ. ಷೋಡಶ ಸಂಸ್ಕಾರ ಎಂಬುದು ನಮಗೆ ಬಾಯಿಪಾಠ. ಆದರೆ ಗೌತಮ ಧರ್ಮಸೂತ್ರದ ಲೆಕ್ಕ ನಲವತ್ತು. ಗರ್ಭಾಧಾನದಿಂದ ಮದುವೆಯವರೆಗಿನವುಗಳ ಜೊತೆಗೆ ದಿನನಿತ್ಯದ ಐದು ಮಹಾಯಜ್ಞಗಳೂ ಇಪ್ಪತ್ತೊಂದು ಯಜ್ಞಗಳೂ ಅದರಲ್ಲಿ ಸೇರಿವೆ. ಅಂತ್ಯೇಷ್ಟಿ ಮಾತ್ರ ಆ ಪಟ್ಟಿಯಲ್ಲಿ ಇಲ್ಲ. ಅಕ್ಷರಾಭ್ಯಾಸ ಇಂದು ನಮಗೆ ಎಷ್ಟು ಮುಖ್ಯವಾದರೂ ಗೃಹ್ಯಸೂತ್ರಗಳಲ್ಲಿ ಅದು ಸಿಗುವುದಿಲ್ಲ. ಬಾಯಿಯಿಂದ ಬಾಯಿಗೆ ಕಲಿಸುತ್ತಿದ್ದ ಕಾಲದಲ್ಲಿ ಅಕ್ಷರ ತಿದ್ದಿಸುವ ಶಾಸ್ತ್ರ ಎಲ್ಲಿಂದ ಬರಬೇಕು? ಹದಿನಾರರ ಎಣಿಕೆ ನೆಲೆಯಾದದ್ದು ಬಹಳ ಕಾಲದ ನಂತರ, ಆಗಲೂ ಒಬ್ಬರ ಹದಿನಾರು ಇನ್ನೊಬ್ಬರ ಹದಿನಾರಲ್ಲ.

ಗೌತಮ ಆ ನಲವತ್ತನ್ನು ಹೇಳಿ ಅಲ್ಲಿಗೇ ಬಿಡುವುದಿಲ್ಲ. ದಯೆ, ಕ್ಷಮೆ, ಹೊಟ್ಟೆಕಿಚ್ಚಿಲ್ಲದಿರುವುದು, ಶುಚಿ, ಮೈಮೇಲೆ ಎಳೆದುಕೊಂಡು ಬಳಲದಿರುವುದು, ಮಂಗಳವಾದ ನಡತೆ, ಜಿಪುಣತನವಿಲ್ಲದಿರುವುದು, ಆಸೆಬುರುಕತನವಿಲ್ಲದಿರುವುದು, ಹೀಗೆ ಎಂಟು ಆತ್ಮಗುಣಗಳನ್ನು ಪಕ್ಕದಲ್ಲಿಡುತ್ತಾನೆ. ನಲವತ್ತೂ ಆಗಿ ಈ ಎಂಟು ಇಲ್ಲದವನಿಗೆ ಬ್ರಹ್ಮಸಾಯುಜ್ಯವಿಲ್ಲ. ಸಂಸ್ಕಾರಗಳಲ್ಲಿ ಒಂದಿಷ್ಟೇ ಆಗಿದ್ದರೂ ಎಂಟು ಗುಣಗಳಿದ್ದವನಿಗೆ ಉಂಟು ಎನ್ನುತ್ತಾನೆ. ಕನ್ನಡದಲ್ಲಿ ನಾವು ಒಬ್ಬರನ್ನು 'ಸಂಸ್ಕಾರವಂತರು' ಎನ್ನುವಾಗ ಅವರಿಗೆ ಎಷ್ಟು ಹೋಮಗಳಾಗಿವೆ ಎಂದು ಎಣಿಸುವುದಿಲ್ಲ. ನಮ್ಮ ಮಾತಿನ ಬಳಕೆ ಗೌತಮನ ಪಕ್ಷದಲ್ಲಿದೆ.

ಸೀಮಂತಕ್ಕೆ ಮರಳುತ್ತೇನೆ. ಸೀಮಂತ ಎಂದರೆ ಬೈತಲೆ. ಸೀಮಂತೋನ್ನಯನ ಎಂದರೆ ಬೈತಲೆಯನ್ನು ಮೇಲ್ಮುಖವಾಗಿ ತೆಗೆಯುವುದು. ಆಪಸ್ತಂಬ, ಆಶ್ವಲಾಯನ ಇಬ್ಬರೂ ನಾಲ್ಕನೆಯ ತಿಂಗಳು ಎನ್ನುತ್ತಾರೆ, ಪಾರಸ್ಕರ ಆರು ಇಲ್ಲವೆ ಎಂಟು. ಬೈತಲೆ ತೆಗೆಯಲು ಬಾಚಣಿಗೆಯಲ್ಲ, ಮೂರು ಬಿಳಿ ಪಟ್ಟೆಗಳಿರುವ ಮುಳ್ಳುಹಂದಿಯ ಮುಳ್ಳು. ಅದರ ಜೊತೆಗೆ ಮೂರು ದರ್ಭೆಯ ಕಟ್ಟು, ಎಳೆಯ ಅತ್ತಿಕಾಯಿಗಳ ಗೊಂಚಲು. ಗಂಡ ಹೆಂಡತಿಯ ಹಿಂದೆ ನಿಂತು, ಹಣೆಯಿಂದ ನೆತ್ತಿಯ ಕಡೆಗೆ ಕೂದಲನ್ನು ಇಬ್ಭಾಗ ಮಾಡುತ್ತಾನೆ. ಆಮೇಲೆ ವೀಣೆ ನುಡಿಸುವ ಇಬ್ಬರಿಗೆ ಹಾಡಲು ಹೇಳುತ್ತಾನೆ. ನದಿಯ ಹೆಸರು ಬರುವುದು ಈ ಹಾಡಿನಲ್ಲಿ. ಸೋಮನೇ ನಮ್ಮ ರಾಜ, ಓ ನದಿಯೇ, ನಿನ್ನ ದಡದಲ್ಲಿ ನಾವು ಕುಳಿತಿದ್ದೇವೆ ಎನ್ನುತ್ತದೆ ಅದು. ಆಪಸ್ತಂಬನಲ್ಲಿ ಇದರ ಇನ್ನೊಂದು ಪಾಠವೂ ಉಂಟು, ಅದು ಸಾಲ್ವರೆಂಬ ಹಳೆಯ ಜನಾಂಗದವರಿಗೆ. ಅಲ್ಲಿ ರಾಜ ಯೌಗಂಧರಿ, ನದಿ ಯಮುನೆ. ಯಮುನೆಯ ದಡದ ಹೆಂಗಸರ ಹಾಡೊಂದು ಹೀಗೆ ಸೂತ್ರದೊಳಗೆ ಬಂದು, ಊರಿಂದೂರಿಗೆ ನದಿ ಬದಲಿಸಿಕೊಂಡು, ಬೆಂಗಳೂರಿನ ನಾಲ್ಕನೆಯ ಮಹಡಿಯವರೆಗೆ ಹರಿದಿದೆ.

ಹಾಡು ಮುಗಿದ ಮೇಲೆ ಆಪಸ್ತಂಬ ಹೇಳುವ ಸಂಗತಿ ನನಗೆ ಬಹಳ ಪ್ರಿಯವಾದದ್ದು. ಬಸುರಿಗೆ ಮೊಳಕೆಯೊಡೆದ ಜವೆಗೋದಿಯನ್ನು ಕಟ್ಟುತ್ತಾರೆ. ನಕ್ಷತ್ರಗಳು ಕಾಣುವವರೆಗೆ ಅವಳು ಮಾತಾಡುವುದಿಲ್ಲ. ಕತ್ತಲಾಗಿ ನಕ್ಷತ್ರ ಮೂಡಿದಾಗ ಪೂರ್ವಕ್ಕೋ ಉತ್ತರಕ್ಕೋ ಹೊರಟು, ಒಂದು ಕರುವನ್ನು ಮುಟ್ಟಿ, ಮೌನ ಮುರಿಯುತ್ತಾರೆ. ಮೊಳಕೆ, ಕರು, ನಕ್ಷತ್ರ: ಬಸುರಿ ಹೆಣ್ಣಿಗೆ ಇದಕ್ಕಿಂತ ಒಳ್ಳೆಯ ಸಂಜೆಯನ್ನು ಯಾರು ಕಲ್ಪಿಸಬಲ್ಲರು? ಇವತ್ತಿನ ಸೀಮಂತಗಳಲ್ಲಿ ಈ ಭಾಗ ಹೆಚ್ಚಾಗಿ ಕೈಬಿಟ್ಟುಹೋಗಿದೆ. ಉಳಿದಿರುವುದು ಬಳೆ, ಹೂವು, ಬಯಕೆಯ ಊಟ, ಉತ್ತರ ಕರ್ನಾಟಕದಲ್ಲಿ ಕುಬುಸ. ಇವು ಸೂತ್ರದಲ್ಲಿಲ್ಲ. ಆದರೆ ಸೂತ್ರಕ್ಕೆ ಹೊರಗಿನವೂ ಅಲ್ಲ. ಸೀಮಂತದ ವಿಧಿಯಲ್ಲೇ ಆಶ್ವಲಾಯನ ಹೇಳುತ್ತಾನೆ: ಗಂಡ, ಮಕ್ಕಳು ಬದುಕಿರುವ ವೃದ್ಧ ಬ್ರಾಹ್ಮಣಿಯರು ಏನೇನು ಹೇಳುತ್ತಾರೋ ಅದನ್ನೆಲ್ಲ ಮಾಡಬೇಕು. ಹೆಸರಿಗೆ, ನದಿಗೆ ಬಿಟ್ಟಂತೆ ಅಜ್ಜಿಯರ ಮಾತಿಗೂ ಜಾಗ ಬಿಟ್ಟಿದ್ದಾನೆ. ಅಲ್ಲಿಯೂ ವಿಧವೆಯರನ್ನು ಹೊರಗಿಟ್ಟಿದ್ದಾನೆ ಎಂಬುದನ್ನು ಮರೆಯುವಂತಿಲ್ಲ.

ಮಗು ಹುಟ್ಟಿದ ಮೇಲಿನ ವಿಧಿಗಳನ್ನು ಬೇಗ ದಾಟುತ್ತೇನೆ, ಎರಡು ಮೂರು ಕಡೆ ಮಾತ್ರ ನಿಂತು. ಜಾತಕರ್ಮದಲ್ಲಿ ಜೇನು ತುಪ್ಪಗಳಲ್ಲಿ ಚಿನ್ನ ತೇಯ್ದು, ಚಿನ್ನದಿಂದಲೇ ಕೂಸಿಗೆ ನೆಕ್ಕಿಸಬೇಕು ಎಂದಿದೆ. ವರ್ಷ ತುಂಬದ ಮಕ್ಕಳಿಗೆ ಜೇನು ಕೊಡಬಾರದು ಎನ್ನುತ್ತದೆ ಇಂದಿನ ವೈದ್ಯಶಾಸ್ತ್ರ, ಅದರಿಂದ ಪ್ರಾಣಕ್ಕೇ ಕುತ್ತಾಗುವ ವಿಷಬಾಧೆ ಬರಬಹುದು. ಇಲ್ಲಿ ವೈದ್ಯರ ಮಾತು ಕೇಳಿ. ಅಲ್ಲಿಯ ಮಂತ್ರವನ್ನಂತೂ ಯಾವ ಭಯವೂ ಇಲ್ಲದೆ ಹೇಳಬಹುದು: "ಅಶ್ಮಾ ಭವ, ಪರಶುರ್ಭವ, ಹಿರಣ್ಯಮಸ್ತೃತಂ ಭವ." ಕಲ್ಲಾಗು, ಕೊಡಲಿಯಾಗು, ಅಳಿಯದ ಚಿನ್ನವಾಗು. ಈ ಕಲ್ಲನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಹೆಸರಿಡುವುದಕ್ಕೆ ಆಶ್ವಲಾಯನನ ನಿಯಮ ವ್ಯಾಕರಣದ್ದು. ಗ, ಜ, ದ, ಬ, ಭ ಮುಂತಾದ ಘೋಷಾಕ್ಷರದಿಂದ ಶುರುವಾಗಬೇಕು, ನಡುವೆ ಯ ರ ಲ ವಗಳಲ್ಲೊಂದು ಇರಬೇಕು, ಕೊನೆಗೆ ವಿಸರ್ಗ. ಗಂಡಿಗೆ ಸಮಸಂಖ್ಯೆಯ ಅಕ್ಷರಗಳು, ಹೆಣ್ಣಿಗೆ ಬೆಸ. ದೇವಃ, ಭದ್ರಃ ಎಂಬ ಹೆಸರುಗಳು ಸರಿಯಾಗಿ ಹೊಂದುತ್ತವೆ. ನಕ್ಷತ್ರದ ಪಾದಕ್ಕೆ ಇಂಥ ಅಕ್ಷರ ಎಂದು ಪಂಚಾಂಗ ನೋಡಿ, ಚು ಚೇ ಚೋ ಲಾ ಎಂದು ತಡಕಾಡುವ ಇಂದಿನ ಪದ್ಧತಿ ಅಲ್ಲಿ ಇಲ್ಲ.

ಚೌಲದಲ್ಲಿ ಮಗುವಿನ ಕೂದಲ ಮೇಲೆ ದರ್ಭೆಯಿಟ್ಟು "ಓಷಧೇ ತ್ರಾಯಸ್ವೈನಂ" ಎನ್ನುತ್ತಾರೆ. ಓ ಗಿಡವೇ, ಇವನನ್ನು ಕಾಪಾಡು. ಕ್ಷೌರದ ಕತ್ತಿಗೆ "ಸ್ವಧಿತೇ ಮೈನಂ ಹಿಂಸೀಃ". ಓ ಕತ್ತಿಯೇ, ಇವನನ್ನು ನೋಯಿಸಬೇಡ. ಕೊನೆಗೆ ಕ್ಷೌರಿಕನಿಗೆ ಹೇಳಬೇಕಾದ ಮಾತೂ ಸೂತ್ರದಲ್ಲೇ ಇದೆ: ಬಿಸಿಯೂ ತಣ್ಣಗೂ ಬೆರೆಸಿದ ನೀರಿನಿಂದ ನೆನೆಸಿ, ಗಾಯವಾಗದಂತೆ, ಚೆನ್ನಾಗಿ ಮಾಡು. ಮೂರು ವರ್ಷದ ಮಗು ಕತ್ತಿ ಕಂಡು ಕಿರುಚುವುದನ್ನು ನೋಡಿದ ಯಾರಿಗಾದರೂ ಈ ಸಾಲುಗಳನ್ನು ಬರೆದವನಿಗೆ ಮಕ್ಕಳಿದ್ದರು ಎನ್ನಿಸುತ್ತದೆ. ಚೌಲ ಯಾವಾಗ ಎಂಬುದಕ್ಕೆ ಉತ್ತರ: ಮೂರನೆಯ ವರ್ಷ, ಇಲ್ಲವೆ ಕುಲದ ಪದ್ಧತಿಯಂತೆ. ಮತ್ತೆ ಅದೇ ಬಿಟ್ಟ ಜಾಗ.

ಎಲ್ಲರಿಗೂ ಜಾಗ ಬಿಟ್ಟಿರಲಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಈ ವಿಧಿಗಳ ಕೊನೆಯಲ್ಲಿ ಆಶ್ವಲಾಯನ ಎರಡೇ ಪದ ಸೇರಿಸುತ್ತಾನೆ: "ಆವೃತೈವ ಕುಮಾರ್ಯೈ." ಹೆಣ್ಣುಮಗುವಿಗೆ ಕ್ರಿಯೆ ಮಾತ್ರ, ಮಂತ್ರವಿಲ್ಲ. ಪುಂಸವನ ಎಂಬ ಸಂಸ್ಕಾರವಂತೂ ಗಂಡುಮಗುವೇ ಹುಟ್ಟಲಿ ಎಂಬುದಕ್ಕಾಗಿಯೇ ಇದೆ. ಉಪನಯನಕ್ಕೆ ಬ್ರಾಹ್ಮಣನಿಗೆ ಎಂಟು, ಕ್ಷತ್ರಿಯನಿಗೆ ಹನ್ನೊಂದು, ವೈಶ್ಯನಿಗೆ ಹನ್ನೆರಡು ವರ್ಷ. ಶೂದ್ರನಿಗೆ ಉಪನಯನವೇ ಇಲ್ಲ. ಹೆಂಗಸರಲ್ಲಿ ಬ್ರಹ್ಮವಾದಿನಿಯರು, ನೇರವಾಗಿ ಮದುವೆಯಾಗುವ ಸದ್ಯೋವಧುಗಳು ಎಂದು ಎರಡು ಬಗೆಯಿದ್ದು, ಬ್ರಹ್ಮವಾದಿನಿಯರಿಗೆ ಉಪನಯನ, ವೇದಾಧ್ಯಯನ ಉಂಟು ಎಂಬ ಧರ್ಮಸೂತ್ರಕಾರ ಹಾರೀತನ ಮಾತನ್ನು, ಹಳೆಯ ಶಾಸ್ತ್ರವಚನಗಳನ್ನು ಒಟ್ಟುಗೂಡಿಸಿದ ನಂತರದ ನಿಬಂಧಕಾರರು ಉದ್ಧರಿಸಿ, ಅದು ಹಿಂದಿನ ಯುಗದ ಮಾತು ಎಂದು ಬದಿಗೆ ಸರಿಸಿದರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಹೆಣ್ಣು ಗಂಡೆನ್ನದೆ, ಜಾತಿಯೆನ್ನದೆ ಇಷ್ಟಲಿಂಗ ದೀಕ್ಷೆ ಕೊಟ್ಟದ್ದು ಈ ಗೋಡೆಗೆ ಎದುರಾಗಿಯೇ. ಕಾಕತಾಳೀಯವೆಂಬಂತೆ, ಸುಮಾರು ಅದಕ್ಕೆ ಸ್ವಲ್ಪ ಮುಂಚೆ ಅದೇ ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರ ಯಾಜ್ಞವಲ್ಕ್ಯಸ್ಮೃತಿ ಎಂಬ ಧರ್ಮಶಾಸ್ತ್ರಕ್ಕೆ ಮಿತಾಕ್ಷರಾ ವ್ಯಾಖ್ಯಾನ ಬರೆದಿದ್ದ. ನಮ್ಮ ಕಾಲದಲ್ಲಿ ಕುವೆಂಪು ಅವರ ಮಂತ್ರಮಾಂಗಲ್ಯ ಪುರೋಹಿತರಿಲ್ಲದ ಸರಳ ಮದುವೆಗೆ ದಾರಿ ಮಾಡಿತು.

ಉಪನಯನದ ಹೃದಯ ಜನಿವಾರದಲ್ಲಿಲ್ಲ ಎಂದು ನನಗೆ ಅನಿಸುತ್ತದೆ. ಗುರು ಹುಡುಗನ ಎದೆ ಮುಟ್ಟಿ ಹೇಳುವ ಮಾತಿನಲ್ಲಿದೆ: "ನನ್ನ ವ್ರತದಲ್ಲಿ ನಿನ್ನ ಹೃದಯವನ್ನಿಡುತ್ತೇನೆ, ನನ್ನ ಚಿತ್ತವನ್ನು ನಿನ್ನ ಚಿತ್ತ ಅನುಸರಿಸಲಿ." ಪಾರಸ್ಕರನಲ್ಲಿ ಇದೇ ಮಾತನ್ನು ಮದುಮಗ ಮದುಮಗಳ ಎದೆ ಮುಟ್ಟಿ ಹೇಳುತ್ತಾನೆ.

ಇನ್ನು ಮದುವೆ. ಆಶ್ವಲಾಯನ ಮದುವೆಯ ವಿಧಿಯನ್ನು ಶುರು ಮಾಡುವ ರೀತಿ ನೋಡಿ: "ಅಥ ಖಲೂಚ್ಚಾವಚಾ ಜನಪದಧರ್ಮಾ ಗ್ರಾಮಧರ್ಮಾಶ್ಚ, ತಾನ್ ವಿವಾಹೇ ಪ್ರತೀಯಾತ್." ನಾಡಿನ ಪದ್ಧತಿಗಳು, ಊರಿನ ಪದ್ಧತಿಗಳು ಬಗೆಬಗೆಯಾಗಿರುತ್ತವೆ; ಮದುವೆಯಲ್ಲಿ ಅವುಗಳನ್ನು ಅನುಸರಿಸಬೇಕು. ಎಲ್ಲ ಕಡೆ ಸಮಾನವಾದದ್ದನ್ನು ಮಾತ್ರ ನಾವು ಹೇಳುತ್ತೇವೆ. ಆಪಸ್ತಂಬ ಇನ್ನೂ ಮುಂದೆ ಹೋಗಿ, ಇಂಥ ಆಚರಣೆಗಳನ್ನು ಹೆಂಗಸರಿಂದ ತಿಳಿಯಬೇಕು ಎನ್ನುತ್ತಾನೆ. ಮದುವೆಯಲ್ಲೂ ಸ್ಮಶಾನದಲ್ಲೂ ಊರಿನವರು ಹೇಳಿದಂತೆ ಮಾಡಿ ಎನ್ನುತ್ತಾನೆ ಪಾರಸ್ಕರ. ಗಂಡಿನ ಕಡೆಯವರಿಗೂ ಹೆಣ್ಣಿನ ಕಡೆಯವರಿಗೂ "ನಮ್ಮಲ್ಲಿ ಹೀಗಿಲ್ಲ" ಎಂಬ ಮಾತು ಬಂದಾಗ, ಶಾಸ್ತ್ರವನ್ನು ಕೇಳಲು ಹೋದರೆ ಶಾಸ್ತ್ರ ತಿರುಗಿ ಮನೆಯ ಹೆಂಗಸರನ್ನೇ ಕೇಳಿ ಎನ್ನುತ್ತದೆ. ಕನ್ನಡಕ್ಕೆ ಇದು ಮೊದಲಿನಿಂದಲೂ ಗೊತ್ತಿತ್ತೇನೋ. ಅರಿಶಿನ ಶಾಸ್ತ್ರ, ಬಳೆ ಶಾಸ್ತ್ರ, ಚಪ್ಪರದ ಶಾಸ್ತ್ರ, ತೊಟ್ಟಿಲು ಶಾಸ್ತ್ರ ಎಂದು ಹೆಂಗಸರು ಸೋಬಾನೆ ಹಾಡುತ್ತ ಮಾಡುವ ಎಲ್ಲವನ್ನೂ ನಾವು ಶಾಸ್ತ್ರ ಎಂದೇ ಕರೆಯುತ್ತೇವೆ.

ತಾಳಿಯೂ ಈ ಬಗೆಯದೇ. ಮಾಂಗಲ್ಯಧಾರಣೆ ಗೃಹ್ಯಸೂತ್ರಗಳಲ್ಲಿ ಇಲ್ಲ. ಗಟ್ಟಿಮೇಳದ ನಡುವೆ ಹೇಳುವ "ಮಾಂಗಲ್ಯಂ ತಂತುನಾನೇನ" ವೇದಮಂತ್ರವಲ್ಲ, ನಂತರದ ಶ್ಲೋಕ. ಸೂತ್ರಗಳಲ್ಲಿರುವುದು ಬೇರೆ. ಅಗ್ನಿಯ ಪಶ್ಚಿಮಕ್ಕೆ ಒಂದು ಬೀಸುವ ಕಲ್ಲನ್ನಿಟ್ಟು, ಮದುಮಗಳನ್ನು ಅದರ ಮೇಲೆ ಹತ್ತಿಸಿ, "ಕಲ್ಲಿನಂತೆ ಸ್ಥಿರಳಾಗು" ಎನ್ನುತ್ತಾರೆ. ಅವಳ ಬೊಗಸೆಗೆ ಅಣ್ಣನೋ ತಮ್ಮನೋ ಅರಳು ಸುರಿಯುತ್ತಾನೆ, ಅವಳು ಅದನ್ನು ಅಗ್ನಿಗೆ ಹಾಕುತ್ತಾಳೆ. ಆಮೇಲೆ ಏಳು ಹೆಜ್ಜೆ: ಅನ್ನಕ್ಕೆ ಒಂದು, ಬಲಕ್ಕೆ ಎರಡು, ಸಂಪತ್ತಿಗೆ ಮೂರು, ಸುಖಕ್ಕೆ ನಾಲ್ಕು, ಮಕ್ಕಳಿಗೆ ಐದು, ಋತುಗಳಿಗೆ ಆರು. ಏಳನೆಯದರಲ್ಲಿ ಬೇಡುವುದು ಏನನ್ನೂ ಅಲ್ಲ. "ಸಖಾ ಸಪ್ತಪದೀ ಭವ." ಏಳು ಹೆಜ್ಜೆ ನಡೆದವಳೇ, ಗೆಳತಿಯಾಗು. ರಾತ್ರಿ ಧ್ರುವ, ಅರುಂಧತಿ, ಸಪ್ತರ್ಷಿಗಳನ್ನು ನೋಡಿದ ಮೇಲೆ ಅವಳು ಮಾತಾಡುತ್ತಾಳೆ. ಹಗಲು ಹನ್ನೆರಡಕ್ಕೆ ಕಲ್ಯಾಣಮಂಟಪದ ಹೊರಗೆ ನಿಂತು ಆಕಾಶಕ್ಕೆ ಕೈ ತೋರಿಸುವ ಪದ್ಧತಿಯ ಬದಲು, ಆ ರಾತ್ರಿ ಮನೆಯ ಮಹಡಿಗೆ ಹೋಗಿ ನಿಜವಾದ ಅರುಂಧತಿಯನ್ನು ಹುಡುಕಿ ಎಂದು ನಾನು ಪ್ರತಿ ಮದುವೆಯಲ್ಲೂ ಹೇಳುತ್ತೇನೆ.

1955ರ ಹಿಂದೂ ವಿವಾಹ ಕಾಯ್ದೆಯ 7ನೆಯ ಕಲಮು ಇದೇ ದಾರಿಯಲ್ಲಿ ನಡೆಯುತ್ತದೆ. ಮದುವೆಯನ್ನು ಎರಡು ಕಡೆಯವರಲ್ಲಿ ಯಾರೊಬ್ಬರ ರೂಢಿಯ ವಿಧಿಗಳಂತೆಯಾದರೂ ನಡೆಸಬಹುದು ಎಂದು ಮೊದಲು ಹೇಳಿ, ಆ ವಿಧಿಗಳಲ್ಲಿ ಸಪ್ತಪದಿ ಇದ್ದರೆ ಏಳನೆಯ ಹೆಜ್ಜೆಗೆ ಮದುವೆ ಪೂರ್ಣ ಎನ್ನುತ್ತದೆ. ಮೊದಲು ಊರಿನ ಪದ್ಧತಿ, ಆಮೇಲೆ ಸಮಾನವಾದದ್ದು: ಆಶ್ವಲಾಯನನ ಕ್ರಮವೇ. ಅಂಥ ವಿಧಿ ಯಾವುದೂ ನಡೆಯದೆ ನೋಂದಣಿ ಪತ್ರ ಮಾತ್ರ ಇದ್ದರೆ ಈ ಕಾಯ್ದೆಯಡಿ ಅದು ಮದುವೆಯಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿತು.

ಸಾವಿನ ವಿಧಿ ಆಶ್ವಲಾಯನನ ನಾಲ್ಕನೆಯ ಅಧ್ಯಾಯದಲ್ಲಿದೆ. ಸತ್ತವನ ಹೆಂಡತಿಯನ್ನು ಚಿತೆಯ ಮೇಲೆ ಅವನ ಪಕ್ಕದಲ್ಲಿ ಮಲಗಿಸುತ್ತಾರೆ. ಕೂಡಲೇ ಮೈದುನನೋ ಶಿಷ್ಯನೋ ಮನೆಯ ಮುದಿ ಆಳೋ ಅವಳನ್ನು ಎಬ್ಬಿಸುತ್ತಾನೆ. ಹೇಳುವ ಮಂತ್ರ ಋಗ್ವೇದದ ಹತ್ತನೆಯ ಮಂಡಲದ್ದು: "ಉದೀರ್ಷ್ವ ನಾರ್ಯಭಿ ಜೀವಲೋಕಂ." ಏಳು ಹೆಣ್ಣೇ, ಬದುಕಿರುವವರ ಲೋಕಕ್ಕೆ ಬಾ, ಪ್ರಾಣ ಹೋದವನ ಪಕ್ಕದಲ್ಲಿ ಮಲಗಿದ್ದೀಯೆ, ಎದ್ದು ಬಾ. ನಮ್ಮ ಊರುಗಳ ಹೊರಗೆ ಬಳೆ ತೊಟ್ಟ ಕೈ ಎತ್ತಿ ನಿಂತ ಮಾಸ್ತಿಗಲ್ಲುಗಳನ್ನು, ಗಂಡನ ಚಿತೆಯೇರಿದ ಹೆಂಗಸರ ನೆನಪಿನ ಕಲ್ಲುಗಳನ್ನು, ಕಂಡಾಗಲೆಲ್ಲ ಈ ಮಂತ್ರ ನೆನಪಾಗಿ ಸಂಕಟವಾಗುತ್ತದೆ. ಎಬ್ಬಿಸುವ ಮಂತ್ರ ಕೈಯಲ್ಲೇ ಇತ್ತು.

ದಹನ ಮಾಡಿ ಮಿಂದವರು ನಕ್ಷತ್ರ ಕಾಣುವವರೆಗೆ ಅಲ್ಲೇ ಕುಳಿತಿರುತ್ತಾರೆ. ಆಮೇಲೆ ಕಿರಿಯರು ಮುಂದೆ, ಹಿರಿಯರು ಹಿಂದೆ ಸಾಗಿ ಮನೆಗೆ ಬಂದು ಕಲ್ಲು, ಬೆಂಕಿ, ಸಗಣಿ, ಅಕ್ಷತೆ, ಎಳ್ಳು, ನೀರುಗಳನ್ನು ಮುಟ್ಟುತ್ತಾರೆ. ಹುಟ್ಟಿದಾಗ ಆಗು ಎಂದ ಕಲ್ಲು, ಮದುವೆಯಲ್ಲಿ ಹತ್ತಿದ ಕಲ್ಲು, ಇಲ್ಲಿ ಕೈಗೆ ತಗಲುವ ಕಲ್ಲು. ಆ ರಾತ್ರಿ ಮನೆಯಲ್ಲಿ ಅಡುಗೆ ಮಾಡಬಾರದು. ಕೊಂಡು ತಂದದ್ದರಲ್ಲೋ ಹೊರಗಿನಿಂದ ಬಂದದ್ದರಲ್ಲೋ ಕಳೆಯಬೇಕು ಎಂದಿದೆ.

ಅಪ್ಪ ತೀರಿಕೊಂಡ ದಿನ ನಾವು ಸ್ಮಶಾನದಿಂದ ಮರಳಿದಾಗ ಕತ್ತಲಾಗಿತ್ತು. ಎದುರು ಮನೆಯ ಅಮ್ಮ ದೊಡ್ಡ ಪಾತ್ರೆಯಲ್ಲಿ ಅನ್ನ, ಇನ್ನೊಂದರಲ್ಲಿ ತಿಳಿಸಾರು ಹಿಡಿದು ಜಗಲಿಯ ಮೇಲೆ ಕಾಯುತ್ತಿದ್ದರು. "ಇವತ್ತು ಒಲೆ ಹಚ್ಚಬೇಡಿ, ಮೊದಲು ಮಕ್ಕಳಿಗೆ ಬಡಿಸಿ" ಎಂದರು. ಅವರು ಓದು ಬರಹ ಕಲಿತವರಲ್ಲ, ಯಾವ ಸೂತ್ರದವರೂ ಅಲ್ಲ.